ಯಾರದೋ ಅಪ್ಪನಿಗೆ ಹತ್ತರಲ್ಲಿ ಹತ್ತು ಅಂಕ

ನೆರೆಮನೆಯ ಹುಡುಗನೊಬ್ಬ ಐದನೇ ತರಗತಿಯಲ್ಲಿ ಕಲಿಯುತ್ತಿದ್ದಾನೆ. ನಮ್ಮದೇ ಸಮುದಾಯದ ಹಿರಿಯರು ಚಂದಾ ಎತ್ತಿ ಕಟ್ಟಿ ಬೆಳೆಸಿದ ಇಂಗ್ಲಿಷ್ ಮಾಧ್ಯಮ ಶಾಲೆ ಅದು. ಇತ್ತೀಚೆಗೆ ಆತನ ತಾಯಿ ನೋಟ್ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. ಮಗ ಇಷ್ಟು ಚೆನ್ನಾಗಿ ಬರೆಯುತ್ತಾನೆ, ನೋಡಿ ಎಂಬ ಅಭಿಮಾನ ಅವರ ಮಾತಿನಲ್ಲಿತ್ತು. ನೋಡಿದೆ. ‘ಮೈ ಫಾದರ್’ ಎಂಬ ಶೀರ್ಷಿಕೆಯ ಒಂದು ಪುಟದ ಪ್ರಬಂಧ. ನನ್ನ ತಂದೆ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ಬೆಳಗ್ಗೆ ಬೇಗನೆ ಎದ್ದು ವಾಯುವಿಹಾರಕ್ಕೆ ಹೋಗುತ್ತಾರೆ, ಸಂಜೆ ಮನೆಗೆ ಮರಳಿ ನನ್ನ ಹೋಮ್‌ವರ್ಕ್‌ಗೆ ನೆರವಾಗುತ್ತಾರೆ, ರವಿವಾರ ನಮ್ಮನ್ನು ಪಾರ್ಕಿಗೆ ಕರೆದೊಯ್ಯುತ್ತಾರೆ... ಅಕ್ಷರಗಳು ಮುತ್ತಿನಂತಿದ್ದವು. ಒಂದೇ ಒಂದು ತಪ್ಪಿರಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಹತ್ತರಲ್ಲಿ ಹತ್ತು ಅಂಕ ಮತ್ತು ‘ವೆರಿ ಗುಡ್’ ಎಂಬ ಷರಾ.

ಆ ಹುಡುಗನ ತಂದೆ ದಮಾಮ್‌ನಲ್ಲಿ ಟ್ರೇಲರ್ ಓಡಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ನಮ್ಮೂರಿನಲ್ಲಿ ಪಾರ್ಕ್ ಎಂಬುದೊಂದು ಇದೆಯೆಂಬುದು ನನಗಂತೂ ತಿಳಿದಿಲ್ಲ.

ಹುಡುಗನನ್ನು ಹತ್ತಿರ ಕೂರಿಸಿ, ನಿನ್ನ ಅಬ್ಬ ನಿಜವಾಗಿ ಏನು ಮಾಡುತ್ತಾರೆ ಹೇಳು ಎಂದೆ. ಅರ್ಧ ಗಂಟೆ ಆತನ ಬಾಯಿ ಮುಚ್ಚಲಿಲ್ಲ. ಟ್ರೇಲರ್‌ಗೆ ಎಷ್ಟು ಚಕ್ರ, ಮರಳಿನ ಬಿರುಗಾಳಿ ಎದ್ದಾಗ ಹಾಡಹಗಲೇ ದೀಪ ಹಚ್ಚಿ ಹೇಗೆ ನಿಲ್ಲಿಸಬೇಕಾಗುತ್ತದೆ, ರಸ್ತೆಗೆ ಅಡ್ಡ ಬಂದ ಒಂಟೆಯನ್ನು ಅಬ್ಬ ಮೊಬೈಲಿನಲ್ಲಿ ಹೇಗೆ ತೋರಿಸಿದರು, ಊರಿಗೆ ಬಂದ ದಿನ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದಾಗ ಸಾಬೂನು, ಹಾಲಿನಪುಡಿ, ಅತ್ತರು ಎಲ್ಲ ಸೇರಿ ಬರುವ ವಾಸನೆ ಎಂಥದು, ಆ ವಾಸನೆ ಅಬ್ಬ ಮರಳಿ ಹೋದ ಮೇಲೂ ಕಪಾಟಿನಲ್ಲಿ ಎಷ್ಟು ದಿನ ಉಳಿಯುತ್ತದೆ. ಕೇಳುತ್ತಾ ಕುಳಿತ ತಾಯಿ ಎದ್ದು ಒಳಗೆ ಹೋದರು.

ಇದನ್ನೆಲ್ಲ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಮಿಸ್ ಕೊಟ್ಟದ್ದರಲ್ಲಿ ಇದು ಇಲ್ಲ, ಬರೆದರೆ ಮಾರ್ಕ್ ಕಟ್ಟಾಗುತ್ತದೆ ಎಂದ.

ಆ ತರಗತಿಯಲ್ಲಿ ನಲವತ್ತಕ್ಕೂ ಮಿಕ್ಕಿ ಮಕ್ಕಳಿದ್ದಾರೆ. ಅವರಲ್ಲಿ ಗಲ್ಫ್‌ನಲ್ಲಿರುವ ತಂದೆಯ ಮಕ್ಕಳಿದ್ದಾರೆ, ಮೀನು ಮಾರುವವರ, ಬೀಡಿ ಕಟ್ಟುವವರ, ಆಟೋ ಓಡಿಸುವವರ ಮಕ್ಕಳಿದ್ದಾರೆ, ತಂದೆಯನ್ನು ಕಳೆದುಕೊಂಡ ಒಬ್ಬಳೂ ಇದ್ದಾಳೆ. ಎಲ್ಲರ ಪುಸ್ತಕದಲ್ಲಿಯೂ ಇರುವುದು ಒಬ್ಬನೇ ಅಪ್ಪ. ಆತ ಬೆಳಗ್ಗೆ ವಾಯುವಿಹಾರಕ್ಕೆ ಹೋಗುತ್ತಾನೆ.

ಶಿಕ್ಷಣದಲ್ಲಿ ಸೃಜನಶೀಲತೆಗೆ ಅವಕಾಶವಿಲ್ಲ, ಮಕ್ಕಳ ಕಲ್ಪನಾಶಕ್ತಿ ಬತ್ತುತ್ತಿದೆ ಎಂದು ವೇದಿಕೆಗಳಲ್ಲಿ ಧಾರಾಳವಾಗಿ ಹೇಳಲಾಗುತ್ತದೆ. ಹಾಗೆ ಹೇಳುವಾಗ ಕಲ್ಪನೆ ಎಂಬುದು ಹೊಟ್ಟೆ ತುಂಬಿದ ಬಳಿಕ ತಿನ್ನುವ ಹಣ್ಣಿನಂತೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು ಎಂಬ ಭಾವನೆ ಕೇಳುವವರಲ್ಲಿ ಮೂಡುತ್ತದೆ. ಆದರೆ ಈ ನೋಟ್ ಪುಸ್ತಕ ಹೇಳುವುದು ಬೇರೆಯೇ ಸಂಗತಿಯನ್ನು. ಇಲ್ಲಿ ಕಲ್ಪನೆಗೆ ನೀರೆರೆಯಲಿಲ್ಲ ಎಂಬುದಷ್ಟೇ ದೂರಲ್ಲ. ತಾನು ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆ, ಆಗ ಬಹುಮಾನವಿದೆ ಎಂದು ಹತ್ತು ವರ್ಷದ ಮಗುವಿಗೆ ಕಲಿಸಲಾಗಿದೆ. ಇದಕ್ಕೆ ಸುಳ್ಳು ಎಂಬುದಲ್ಲದೆ ಬೇರೆ ಹೆಸರಿದೆಯೇ? ಕಲ್ಪನೆಯೆಂದರೂ ಇಲ್ಲದ್ದನ್ನು ಹೇಳುವುದೇ ಅಲ್ಲವೇ ಎಂದು ಯಾರಾದರೂ ವಾದಿಸಬಹುದು. ಖಂಡಿತ ಅಲ್ಲ. ದಮಾಮ್‌ನ ಹೆದ್ದಾರಿಯನ್ನು ಒಮ್ಮೆಯೂ ಕಾಣದ ಹುಡುಗ ಮೊಬೈಲಿನ ಪುಟ್ಟ ಪರದೆಯ ಒಂಟೆಯಿಂದ, ಪೆಟ್ಟಿಗೆಯ ವಾಸನೆಯಿಂದ ತನ್ನ ತಂದೆಯ ಬದುಕನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಾನಲ್ಲ, ಅದು ಕಲ್ಪನೆ. ದೂರದಲ್ಲಿರುವವರ ಕಷ್ಟವನ್ನು ಹತ್ತಿರ ತಂದುಕೊಳ್ಳುವ ಶಕ್ತಿ ಅದು. ಅದು ಆತನಲ್ಲಿ ಇತ್ತು. ಶಾಲೆ ಅದನ್ನು ಕೇಳಲಿಲ್ಲ.

ಇಲ್ಲಿ ಅಧ್ಯಾಪಕಿಯ ಮೇಲೆ ಹರಿಹಾಯುವುದು ಸುಲಭ. ನಮ್ಮ ಹೆತ್ತವರ ಸಭೆಗಳಲ್ಲಿ ನಡೆಯುವುದೂ ಅದೇ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ನಲವತ್ತೈದು ಮಕ್ಕಳು ನಲವತ್ತೈದು ಬಗೆಯ ಅಪ್ಪಂದಿರ ಬಗ್ಗೆ ಬರೆದರೆ ಒಂದೊಂದನ್ನೂ ಓದಬೇಕು, ತಡೆಯಬೇಕು, ಯೋಚಿಸಬೇಕು. ಒಂದಕ್ಕೆ ಐದು ನಿಮಿಷವೆಂದರೂ ನಾಲ್ಕು ಗಂಟೆಯ ಕೆಲಸ. ಎಲ್ಲರೂ ಒಂದೇ ಅಪ್ಪನ ಬಗ್ಗೆ ಬರೆದರೆ ಅರ್ಧ ಗಂಟೆ ಸಾಕು, ಓದಬೇಕಾಗಿಯೂ ಇಲ್ಲ. ಆಕೆಗೆ ದಿನಕ್ಕೆ ಆರೋ ಏಳೋ ಪೀರಿಯಡ್. ಸಂಬಳವನ್ನು ಬಾಯಿಬಿಟ್ಟು ಹೇಳಲು ಆಡಳಿತ ಮಂಡಳಿಯವರೇ ಹಿಂಜರಿಯುತ್ತಾರೆ. ಮೇಲಾಗಿ, ಸ್ವಂತ ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳಿರುತ್ತವೆ. ಪುಸ್ತಕದಲ್ಲಿ ಕೆಂಪು ಗೆರೆಗಳು ಹೆಚ್ಚಾದರೆ ಮರುದಿನ ಬೆಳಗ್ಗೆ ಗೇಟಿನ ಬಳಿ ಯಾರು ಬಂದು ನಿಲ್ಲುತ್ತಾರೆ? ನಾವೇ. ಮಗು ತನ್ನದನ್ನು ತಪ್ಪಾಗಿ ಬರೆಯುವುದಕ್ಕಿಂತ ಯಾರದ್ದೋ ಸರಿಯಾಗಿ ಬರೆಯಲಿ ಎಂಬ ಒಪ್ಪಂದಕ್ಕೆ ಹೆತ್ತವರು, ಅಧ್ಯಾಪಕಿ, ಆಡಳಿತ ಮಂಡಳಿ ಮೂವರೂ ಸಹಿ ಹಾಕಿಯಾಗಿದೆ. ಮಗುವಿನ ಸಹಿಯನ್ನು ಮಾತ್ರ ಯಾರೂ ಕೇಳಿಲ್ಲ.

ಸರಕಾರಕ್ಕೆ ಇದು ತಿಳಿಯದ ವಿಷಯವೇ? ಅಲ್ಲ. 1989ರಲ್ಲಿ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಮೈಸೂರಿನ ಆರ್.ಕೆ. ನಾರಾಯಣ್ ಅವರು ಮಕ್ಕಳ ಬೆನ್ನಿನ ಚೀಲದ ಭಾರದ ಬಗ್ಗೆ ಸದನದಲ್ಲಿ ಮಾತನಾಡಿದರು. ಬಳಿಕ ವಿಜ್ಞಾನಿ ಯಶ್‌ಪಾಲ್ ಅವರ ನೇತೃತ್ವದಲ್ಲಿ ಸಮಿತಿಯಾಯಿತು. 1993ರಲ್ಲಿ ಅದು ಕೊಟ್ಟ ವರದಿಯು, ಚೀಲದ ಭಾರಕ್ಕಿಂತ ದೊಡ್ಡ ಭಾರ ಅರ್ಥವಾಗದೆ ಕಲಿಯುವುದು ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಬಿಡುಗಡೆ, ಶಾಲೆಯ ಹೊರಗಿನ ಬದುಕಿನೊಂದಿಗೆ ಜ್ಞಾನದ ಜೋಡಣೆ ಎಂದು ಸಾರಿತು. 2020ರ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಅವಧಿಯಲ್ಲಿ ಮಕ್ಕಳಿಗೆ 10 ಚೀಲರಹಿತ ದಿನಗಳೆಂದಿತು. (ಉಳಿದ ದಿನಗಳಲ್ಲಿ ಚೀಲ ಎಲ್ಲಿರಬೇಕೆಂದು ಹೇಳುವ ಅಗತ್ಯವಿಲ್ಲ.) ಕಾಗದದ ಮೇಲೆ ಎಲ್ಲವೂ ಸೊಗಸಾಗಿದೆ. ನಡೆಯುವುದೇನು? ನಮ್ಮ ರಾಜ್ಯದಲ್ಲಿ 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಯ ಮಕ್ಕಳಿಗೆ ಬೋರ್ಡ್ ಮಾದರಿಯ ಪರೀಕ್ಷೆ ಬಂತು. ಮರುವರ್ಷ 9ನೇ ತರಗತಿಯೂ ಸೇರಿತು. ಮಕ್ಕಳ ಉತ್ತರ ಪತ್ರಿಕೆಗಳ ಹಿಂದೆ ಹೈಕೋರ್ಟು, ಸುಪ್ರೀಮ್ ಕೋರ್ಟುಗಳು ಓಡಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಮ್ ಕೋರ್ಟ್ ತಡೆ ನೀಡುವಷ್ಟರಲ್ಲಿ, ಹತ್ತು ವರ್ಷದ ಮಕ್ಕಳಿಗೆ ಮಾದರಿ ಪ್ರಶ್ನೆಪತ್ರಿಕೆಗಳನ್ನು ಉರು ಹೊಡೆಸಿ ಆಗಿತ್ತು. ಪಕ್ಷ ಯಾವುದೇ ಇರಲಿ, ಅಧಿಕಾರಕ್ಕೆ ಬಂದವರು ಮಗುವನ್ನು ಅರಿಯುವುದಕ್ಕಿಂತ ಅಳೆಯುವುದಕ್ಕೇ ಆತುರಪಡುತ್ತಾರೆ. ಮಕ್ಕಳ ಸೃಜನಶೀಲತೆಗೆಂದೇ ಸರಕಾರ ನಡೆಸುವ ಪ್ರತಿಭಾ ಕಾರಂಜಿಯಲ್ಲಿಯೂ ಒಂದು ಸ್ಪರ್ಧೆಯ ಹೆಸರು ‘ಕಂಠಪಾಠ’ ಎಂದು ಇದೆ!

ಆದರೆ ಸರಕಾರವನ್ನು ದೂರಿ ಕೈತೊಳೆದುಕೊಳ್ಳುವ ಅವಕಾಶ ನಮಗಿಲ್ಲ. ಯಾಕೆಂದರೆ, ಈ ವಿಷಯದಲ್ಲಿ ಇತರರಿಗಿಲ್ಲದ ಸ್ವಾತಂತ್ರ್ಯ ನಮಗಿದೆ. ಅಲ್ಪಸಂಖ್ಯಾತರು ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂದು ಸಂವಿಧಾನದ 30ನೇ ವಿಧಿ ಹೇಳುತ್ತದೆ. ‘ತಮ್ಮ ಆಯ್ಕೆಯ’ ಎಂಬ ಪದವನ್ನು ಗಮನಿಸಿ. 2014ರ ಪ್ರಮತಿ ಪ್ರಕರಣದ ತೀರ್ಪು, ಅಲ್ಪಸಂಖ್ಯಾತ ಸಂಸ್ಥೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಆಗ ನಮ್ಮಲ್ಲಿ ಸಂತಸ ವ್ಯಕ್ತವಾಯಿತು. 2025ರಲ್ಲಿ ಸುಪ್ರೀಮ್ ಕೋರ್ಟಿನದೇ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿದಾಗ ಆತಂಕವೂ ವ್ಯಕ್ತವಾಯಿತು. ಸರಿ, ಹಕ್ಕನ್ನು ಉಳಿಸಿಕೊಳ್ಳಲೇಬೇಕು. ಆದರೆ ಇಷ್ಟು ವರ್ಷ ಆ ಹಕ್ಕಿನಿಂದ ನಾವು ಆಯ್ದುಕೊಂಡದ್ದಾದರೂ ಏನನ್ನು? ಹೊರಗಿಟ್ಟ ಅದೇ ಕಾಯ್ದೆ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಾ ಶಿಕ್ಷಣಕ್ಕೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು ಎನ್ನುತ್ತದೆ. ಮಗು ಭಯವಿಲ್ಲದೆ, ಚಟುವಟಿಕೆ ಮತ್ತು ಶೋಧನೆಯ ಮೂಲಕ ಕಲಿಯಬೇಕು ಎನ್ನುತ್ತದೆ. ಅದರಿಂದ ಬಿಡುಗಡೆ ಪಡೆದ ನಾವು ಪಕ್ಕದೂರಿನ ಪ್ರತಿಷ್ಠಿತ ಶಾಲೆಯ ಟೈ, ಬೂಟು, ಟೈಮ್‌ಟೇಬಲ್, ಗೈಡು ಎಲ್ಲವನ್ನೂ ನಕಲು ಮಾಡಿಕೊಂಡೆವು. ಅವರ ಶಾಲೆಯ ಪ್ರಬಂಧದ ಅಪ್ಪನನ್ನೂ ತಂದೆವು. ಆತ ನಮ್ಮ ಯಾವ ಮನೆಯಲ್ಲಿಯೂ ವಾಸಿಸುತ್ತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಇನ್ನು ಚಿತ್ರಕಲೆ. ಅದರ ಪೀರಿಯಡ್ ಗಣಿತಕ್ಕೆ ಹೋಗುವುದು ಎಲ್ಲ ಶಾಲೆಗಳ ರೋಗ. ನಮ್ಮಲ್ಲಿ ಕೆಲವೆಡೆ ಅದಕ್ಕೆ ಧರ್ಮದ ಸಮರ್ಥನೆಯನ್ನೂ ಹುಡುಕಿಕೊಳ್ಳಲಾಗಿದೆ. ಜೀವಿಗಳ ಚಿತ್ರದ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ ನಿಜ. ಆದರೆ ಮರ, ಅಲೆ, ದೋಣಿ, ಬಳ್ಳಿ, ಜ್ಯಾಮಿತಿಯ ವಿನ್ಯಾಸ, ಸುಂದರ ಲಿಪಿ—ಇವಕ್ಕೆ ಯಾರ ತಡೆಯಿದೆ? ವಿಜಾಪುರದ ಇಬ್ರಾಹೀಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದು, ಬೆಳಕು ಆ ಅಕ್ಷರಗಳ ನಡುವಿನಿಂದ ಒಳಬರುವಂತೆ ಮಾಡಿದವರು ನಮ್ಮ ಈ ನಾಡಿನ ಕುಶಲಕರ್ಮಿಗಳೇ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಮರಳಿ ಬಂದು ಡ್ರಾಯಿಂಗ್ ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿಡುವುದು ಯಾವ ಧರ್ಮಪ್ರಜ್ಞೆ?

ಮದ್ರಸದಲ್ಲಿ ಕಲಿತ ನೀವು ಕಲ್ಪನೆಯ ಬಗ್ಗೆ ಮಾತನಾಡುವುದೇ, ಅಲ್ಲಿ ಇರುವುದೆಲ್ಲ ಕಂಠಪಾಠವಲ್ಲವೇ ಎಂದು ಕೇಳುವ ಗೆಳೆಯರು ನನಗಿದ್ದಾರೆ. ಅವರಿಗೆ ಮೊದಲು ಒಂದು ಅಂಕಿ ನೆನಪಿಸಬೇಕು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲೇ ಕಲಿಯುತ್ತಿರುವವರು ಸುಮಾರು ಶೇ. 3ರಷ್ಟು ಮಾತ್ರ ಎಂದು 2006ರ ಸಾಚಾರ್ ಸಮಿತಿ ವರದಿ ತೋರಿಸಿಕೊಟ್ಟಿತ್ತು. ಕಂಠಪಾಠದ ಬಗೆಗಿನ ಎಲ್ಲ ಚರ್ಚೆಯನ್ನು ಆ ಮೂವರ ಮೇಲೆ ಹೇರಿ, ಉಳಿದ ಮಕ್ಕಳು ಟೈ ಕಟ್ಟಿಕೊಂಡು ಏನನ್ನು ಉರು ಹೊಡೆಯುತ್ತಿದ್ದಾರೆಂದು ನಾವು ನೋಡಲೇ ಇಲ್ಲ. ಇನ್ನು ನನ್ನ ಅನುಭವ. ಹೌದು, ಅಲ್ಲಿ ಕಂಠಪಾಠ ಮಾಡಿದ್ದೇನೆ. ಪವಿತ್ರ ಕುರ್‌ಆನನ್ನು ಬಾಯಿಪಾಠ ಮಾಡುವುದಕ್ಕೆ ಕಾರಣವಿದೆ. ಅದರ ಒಂದು ಅಕ್ಷರವೂ ಬದಲಾಗಬಾರದು. ಆದರೆ ಅದೇ ಮದ್ರಸದಲ್ಲಿ ಮಧ್ಯಾಹ್ನದ ಬಳಿಕ ಫಿಕ್‌ಹ್ ತರಗತಿಯಲ್ಲಿ ನಮ್ಮ ಉಸ್ತಾದರು ಒಬ್ಬನನ್ನು ಎಬ್ಬಿಸಿ, ನೀನು ಒಪ್ಪದ ಪಕ್ಷದ ಪರವಾಗಿ ವಾದಿಸು ಎನ್ನುತ್ತಿದ್ದರು. ಎದುರಾಳಿಯ ಮನಸ್ಸಿನೊಳಗೆ ಹೊಕ್ಕು ನೋಡದೆ ಅದು ಸಾಧ್ಯವೇ ಇರಲಿಲ್ಲ. ಯಾವುದು ಬದಲಾಗಬಾರದು, ಯಾವುದನ್ನು ಪ್ರತಿಯೊಬ್ಬನೂ ತಾನೇ ಯೋಚಿಸಿ ಹೇಳಬೇಕು ಎಂಬ ವ್ಯತ್ಯಾಸ ಅವರಿಗೆ ತಿಳಿದಿತ್ತು. ಎಲ್ಲ ಮದ್ರಸಗಳೂ ಹೀಗಿವೆ ಎಂದು ನಾನು ಹೇಳಲಾರೆ. ಬರೀ ಬೆತ್ತದಿಂದ ನಡೆಯುವವೂ ಇವೆ. ಆದರೆ ಇಂದಿನ ನಮ್ಮ ಶಾಲೆ ಆ ವ್ಯತ್ಯಾಸವನ್ನೇ ಅಳಿಸಿಹಾಕಿದೆ. ಒಂದಕ್ಷರವೂ ಬದಲಾಗಬಾರದೆಂಬ ನಿಯಮವನ್ನು ಅದು ‘ಮೈ ಫಾದರ್’ ಎಂಬ ಪ್ರಬಂಧಕ್ಕೆ ಅನ್ವಯಿಸಿದೆ!

1377ರಲ್ಲಿ ‘ಮುಖದ್ದಿಮ’ವನ್ನು ಬರೆದ ಇಬ್ನು ಖಲ್ದೂನ್ ಈ ರೋಗವನ್ನು ಅಂದೇ ಗುರುತಿಸಿದ್ದರು. ತಮ್ಮ ಕಾಲದ ಮೊರೊಕ್ಕೊದ ವಿದ್ಯಾರ್ಥಿಗಳ ಬಗ್ಗೆ ಅವರು ಹೇಳುವ ಮಾತು ನಮ್ಮ ಟ್ಯೂಷನ್ ಸೆಂಟರ್‌ಗಳನ್ನು ನೋಡಿ ಬರೆದಂತಿದೆ. ಆ ವಿದ್ಯಾರ್ಥಿಗಳು ವರ್ಷಗಟ್ಟಲೆ ವಿದ್ವತ್ಸಭೆಗಳಲ್ಲಿ ಮೌನವಾಗಿ ಕುಳಿತಿರುತ್ತಾರೆ, ಉಳಿದವರಿಗಿಂತ ಹೆಚ್ಚೇ ಬಾಯಿಪಾಠ ಮಾಡಿರುತ್ತಾರೆ, ಅದನ್ನೇ ವಿದ್ಯೆಯೆಂದು ಭಾವಿಸಿರುತ್ತಾರೆ. ಆದರೆ ಚರ್ಚೆಗಿಳಿದಾಗ ಅವರ ಕೊರತೆ ಬಯಲಾಗುತ್ತದೆ. ಅಲ್ಲಿ ವಿದ್ಯಾರ್ಥಿ ಹದಿನಾರು ವರ್ಷ ಕಳೆಯಬೇಕಾದರೆ ಟ್ಯುನಿಸ್‌ನಲ್ಲಿ ಐದು ವರ್ಷ ಸಾಕಾಗುತ್ತದೆ ಎನ್ನುತ್ತಾರೆ ಅವರು. ಮಾತನಾಡಲು, ವಾದಿಸಲು ಬಿಡದ ಬೋಧನಾ ಪದ್ಧತಿಯೇ ಈ ವಿಳಂಬಕ್ಕೆ ಕಾರಣ ಎಂಬುದು ಅವರ ತೀರ್ಮಾನ. ಇನ್ನೊಂದು ಅಧ್ಯಾಯದಲ್ಲಿ ಅವರು ಮಕ್ಕಳ ಮೇಲಿನ ಕಾಠಿಣ್ಯದ ಬಗ್ಗೆ ಬರೆಯುತ್ತಾರೆ. ದಂಡನೆಯ ಭಯದಲ್ಲಿ ಬೆಳೆದ ಮಗು ಸೋಮಾರಿಯಾಗುತ್ತದೆ, ಒಳಗೊಂದು ಹೊರಗೊಂದು ತೋರಿಸಲು ಕಲಿಯುತ್ತದೆ, ಕೊನೆಗೆ ವಂಚನೆಯೇ ಅದರ ಸ್ವಭಾವವಾಗುತ್ತದೆ. ಅಂದು ಭಯಪಡಿಸಿದ್ದು ಬೆತ್ತ. ಇಂದು ಆ ಕೆಲಸವನ್ನು ಅರ್ಧ ಅಂಕವೇ ಮಾಡುತ್ತದೆ. ‘ಮಾರ್ಕ್ ಕಟ್ಟಾಗುತ್ತದೆ’ ಎಂದ ಹುಡುಗನ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಿ.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು, ನಮ್ಮ ಬಳಿಯಲ್ಲೇ ಇತ್ತು. 1920ರಲ್ಲಿ ಆರಂಭವಾದ ಜಾಮಿಅ ಮಿಲ್ಲಿಯ್ಯ, ಝಾಕಿರ್ ಹುಸೈನ್ ಅವರ ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ, ಅಧ್ಯಾಪಕರಿಗೆ ಸರಿಯಾದ ಸಂಬಳವೂ ಇಲ್ಲದೆ ನಡೆಯುತ್ತಿತ್ತು. ಆದರೂ ಅದರ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೇ ಬ್ಯಾಂಕ್ ನಡೆಸಿದರು, ಅಂಗಡಿ ನಡೆಸಿದರು, ಆ ಮೂಲಕ ಲೆಕ್ಕ ಕಲಿತರು. ‘ಪಯಾಮೆ ತಾಲೀಮ್’ ಎಂಬ ಪತ್ರಿಕೆಯನ್ನು ಮಕ್ಕಳಿಗಾಗಿ ಹೊರತರಲಾಯಿತು. ಜರ್ಮನಿಯಿಂದ ಬಂದ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್ ಅಲ್ಲಿಯ ಪುಟ್ಟ ಮಕ್ಕಳೊಂದಿಗೆ ಬದುಕನ್ನೇ ಕಳೆದು 1943ರಲ್ಲಿ ತೀರಿಕೊಂಡರು. ಮಕ್ಕಳಿಗೆ ಅವರು ‘ಆಪಾ ಜಾನ್’ ಆಗಿದ್ದರು. ಮುಂದೆ ದೇಶದ ರಾಷ್ಟ್ರಪತಿಯಾದ ಝಾಕಿರ್ ಹುಸೈನ್ ಮಕ್ಕಳಿಗಾಗಿ ಆಡಿನ ಕತೆ ಬರೆದರು. ಕರಾವಳಿಯವರಿಗೆ ದಿಲ್ಲಿ ದೂರವೆನಿಸುವುದಾದರೆ ಪುತ್ತೂರು ಇದೆಯಲ್ಲ. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ನಡೆಸಿದ್ದು ಅಲ್ಲೇ. ನಮ್ಮ ಎಷ್ಟು ಆಡಳಿತ ಮಂಡಳಿಗಳ ಸದಸ್ಯರು ಆ ಗೇಟು ದಾಟಿ ಒಳಗೆ ಹೋಗಿದ್ದಾರೆ?

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬಂದೇ ಬರುತ್ತದೆ. ಕಲ್ಪನೆ ಹೊಟ್ಟೆ ತುಂಬಿಸುವುದಿಲ್ಲ, ಸೀಟು ಸಿಗುವುದು ನೀಟ್, ಸಿಇಟಿ ರ‍್ಯಾಂಕಿಗೆ. ಈ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಮರಳುಗಾಡಿನಲ್ಲಿ ಟ್ರೇಲರ್ ಓಡಿಸಿ ಫೀಸು ಕಟ್ಟುವ ತಂದೆಗೆ ಮಗನ ಭವಿಷ್ಯದೊಂದಿಗೆ ಪ್ರಯೋಗ ನಡೆಸುವ ಅನುಕೂಲವಿಲ್ಲ. ಹತ್ತನೇ ತರಗತಿಯ ಬಳಿಕ ಪರೀಕ್ಷೆಗೆ ತಯಾರಾಗಲೇಬೇಕು, ತಯಾರಾಗಲಿ. ಆದರೆ ಐದನೇ ತರಗತಿಯ ‘ಮೈ ಫಾದರ್’ ಪ್ರಬಂಧಕ್ಕೂ ನೀಟ್‌ಗೂ ಏನು ಸಂಬಂಧ? ತಾನು ಕಂಡದ್ದನ್ನು ಹತ್ತು ಸಾಲು ಬರೆದರೆ ಯಾವ ಸೀಟು ತಪ್ಪುತ್ತದೆ? ಇನ್ನೂ ಒಂದು ವಿಷಯ. ಮಹಾನಗರಗಳ ಶ್ರೀಮಂತ ಶಾಲೆಗಳಲ್ಲಿ ಮಕ್ಕಳಿಗೆ ರಂಗಭೂಮಿಯಿದೆ, ಮಡಕೆ ಮಾಡುವ ಚಕ್ರವಿದೆ, ಸ್ವಂತ ಕತೆ ಬರೆಯುವ ತರಗತಿಯಿದೆ. ಅಲ್ಲಿ ಮಕ್ಕಳನ್ನು ಕಳುಹಿಸುವವರು ದಡ್ಡರೇ? ಅಪ್ಪಣೆ ಕೊಡುವವರ ಮಕ್ಕಳಿಗೆ ಕಲ್ಪನೆ, ಅಪ್ಪಣೆ ಪಾಲಿಸುವವರ ಮಕ್ಕಳಿಗೆ ಗೈಡು ಎಂಬ ಈ ಹಂಚಿಕೆಯನ್ನು ನಾವು ನಮ್ಮದೇ ದುಡ್ಡು ಕೊಟ್ಟು ಒಪ್ಪಿಕೊಳ್ಳುತ್ತಿದ್ದೇವೆ. ಇತ್ತ, ಗೈಡಿನ ಕೆಲಸಕ್ಕೂ ಬೆಲೆ ಉಳಿದಿಲ್ಲ. ವಾಯುವಿಹಾರಕ್ಕೆ ಹೋಗುವ ಅಪ್ಪನ ಬಗ್ಗೆ ಒಂದು ಪುಟ ಬರೆ ಎಂದು ಇಂದು ಮೊಬೈಲಿಗೆ ಹೇಳಿದರೆ ಉಸಿರು ಬಿಡುವಷ್ಟರಲ್ಲಿ ತಪ್ಪಿಲ್ಲದೆ ಬರೆದುಕೊಡುತ್ತದೆ. ರಟ್ಟಿನ ಪೆಟ್ಟಿಗೆಯ ವಾಸನೆ ಆ ಮನೆಯ ಹುಡುಗನಿಗಲ್ಲದೆ ಯಾರಿಗೂ ಗೊತ್ತಿಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಅಧ್ಯಾಪಕಿಯ ವಾರದ ಪೀರಿಯಡ್‌ಗಳಲ್ಲಿ ಎರಡನ್ನು ಕಡಿಮೆ ಮಾಡಿ, ಮಕ್ಕಳ ಬರಹ ಓದಲು ಆ ಸಮಯ ಕೊಡಿ. ಅದಕ್ಕೆ ತಗಲುವ ಖರ್ಚು ಶಾಲೆಯ ಹೊಸ ಕಮಾನಿನ ಖರ್ಚಿಗಿಂತ ಕಡಿಮೆ. ಪ್ರತಿಯೊಂದು ಮಗುವಿಗೂ ಡಿಕ್ಟೇಷನ್ ಇಲ್ಲದ, ಅಂಕವೂ ಇಲ್ಲದ ಒಂದು ಪುಸ್ತಕವಿರಲಿ. ಬ್ಯಾರಿಯೋ ಉರ್ದುವೋ ಕನ್ನಡವೋ, ಮನೆಯ ಮಾತು ಅದರಲ್ಲಿ ನುಸುಳಿದರೆ ನುಸುಳಲಿ. ಕಾಗುಣಿತವನ್ನು ಮರುದಿನ ತಿದ್ದಬಹುದು.

ಮೇಲೆ ಹೇಳಿದ ಹುಡುಗನಿಗೆ ಅಂಥದ್ದೊಂದು ಪುಸ್ತಕ ಕೊಟ್ಟಿದ್ದೆ. ಹನ್ನೊಂದು ಸಾಲು ಬರೆದ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ತಪ್ಪುಗಳು ಲೆಕ್ಕವಿಲ್ಲದಷ್ಟು. ತಾಯಿ ಅದರ ಫೋಟೊ ತೆಗೆದು ದಮಾಮ್‌ಗೆ ಕಳುಹಿಸಿದರು. ಶಾಲೆಯವರಿಗೆ ತೋರಿಸೋಣವೇ ಎಂದು ಕೇಳಿದೆ. ಬೇಡ, ಮಿಸ್ ಏನಾದರೂ ತಿಳಿದುಕೊಂಡಾರು ಎಂದರು.

ಮುಂದಿನ ಬಾರಿ ಮಗುವಿನ ದಾಖಲಾತಿಗೆ ಹೋದಾಗ ಫೀಸು, ಬಸ್ಸು, ಎಸೆಸೆಲ್ಸಿ ಫಲಿತಾಂಶ ಎಲ್ಲವನ್ನೂ ವಿಚಾರಿಸಿ. ಜೊತೆಗೆ ಐದನೇ ತರಗತಿಯ ಎರಡು ಪ್ರಬಂಧ ಪುಸ್ತಕಗಳನ್ನು ತರಿಸಿ, ಒಂದೇ ಶೀರ್ಷಿಕೆಯ ಪುಟವನ್ನು ಅಕ್ಕಪಕ್ಕ ತೆರೆದಿಟ್ಟು ಓದಿ. ಎರಡರಲ್ಲಿಯೂ ಒಂದೇ ಅಪ್ಪನಿದ್ದರೆ, ಆತ ಯಾರೆಂದು ಆಡಳಿತ ಮಂಡಳಿಯ ಅಧ್ಯಕ್ಷರನ್ನು ಕೇಳಿ.